ಮಚ್ಚೆಯ ದಂಟು

ಆಲ್ಡರ್ ಬಾರ್, ಫ್ರೇಸರ್ ನದಿದಂಡೆ
ಮೇ 6, 1984

ಮಗಳೇ ಲಿಯೋನಾ,

ಟೆಸ್ಸಾ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನೆಲ್ಲ ಹಾರಿಸಿ ಅದನ್ನೇ ಹುಡುಕುತ್ತೀಯ. ಮುಂದಿನ ಹಲ್ಲೊಂದು ಬಿದ್ದಿದೆ. ಅದನ್ನು ನಿನಗೆ ಅಂಚೆಯಲ್ಲಿ ಕಳಿಸಬೇಕೆಂದು ನಿನ್ನ ಮಗಳ ಹಟ. ಆಸ್ಪತ್ರೆಯವರು ಲಕೋಟೆ ಒಡೆದು ಗಾಬರಿಯಾದಾರು ಎಂದು ನಾನೇ ತಡೆದೆ.

ತೊಡೆಯ ಮೂಳೆಗೆ ಕಬ್ಬಿಣದ ಕಡ್ಡಿ ತೂರಿಸಿ, ಹಗ್ಗಕ್ಕೆ ತೂಕ ಕಟ್ಟಿ ನಿನ್ನನ್ನು ಮಲಗಿಸಿದ್ದಾರೆಂದು ಓದಿ ನನಗೆ ಒಂದು ಹೊತ್ತು ಊಟ ಸೇರಲಿಲ್ಲ. ಆ ಮೀನಿನ ಕಾರ್ಖಾನೆಯ ನೆಲ ಜಾರುತ್ತದೆ ಎಂದು ಎಷ್ಟು ಸಲ ಬಡಕೊಂಡೆ. ಇರಲಿ, ಬಿದ್ದು ಮಲಗಿದವಳನ್ನು ಬೈದು ಏನು ಬಂತು? ಇನ್ನೂ ಆರು ವಾರ ಅಲುಗಾಡಬಾರದು ಎಂದಿದ್ದಾರಲ್ಲ, ಅಲುಗಾಡಬೇಡ. ಮನೆಯ ಮುಂದೆ ಗುರುತಿಲ್ಲದ ಕಾರು ನಿಧಾನ ಮಾಡಿದರೆ ಸಾಕು, ನಾನು ಟೆಸ್ಸಾಳನ್ನು ಒಳಗೆ ಕರೆದು ಬಾಗಿಲು ಹಾಕುತ್ತೇನೆ. ಅಷ್ಟು ಜೋಪಾನವಾಗಿದ್ದಾಳೆ.

ನಿನ್ನೆ ನಾವಿಬ್ಬರೂ ನದಿದಂಡೆಗೆ ಕಾಡುದಂಟು ಕೊಯ್ಯಲು ಹೋಗಿದ್ದೆವು. ಹತ್ತು ದಿನ ಸುರಿದ ಮಳೆ ನಿಂತು ಒಳ್ಳೆ ಬಿಸಿಲು ಬಿದ್ದಿತ್ತು. ಹೂವಿನ ಮೊಗ್ಗು ಬಿರಿದರೆ ದಂಟು ನಾರಾಗುತ್ತದೆ, ನಿನಗೆ ಗೊತ್ತಲ್ಲ. ಮಂಡಿನೋವಿನಿಂದ ಮೂರು ವರ್ಷ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಕೊಯ್ಯದೆ ಬಿಟ್ಟದ್ದಕ್ಕೋ ಏನೋ, ನಮ್ಮಮ್ಮನ ಜಾಗ ಹೇಗೆ ಬೆಳೆದು ನಿಂತಿದೆ ಅಂತೀಯ! ಒಂದೊಂದು ದಂಟೂ ನನ್ನ ಮುಂಗೈ ದಪ್ಪ. ಮೈಮೇಲೆಲ್ಲ ಕೆಂಪು ಮಚ್ಚೆ, ಹೊಳೆಯ ಮೀನಿನ ಬೆನ್ನಿನ ಮೇಲಿರುವ ಹಾಗೆ. ಇಷ್ಟು ಕೊಬ್ಬಿದ ದಂಟನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಮೊದಲ ದಂಟನ್ನು ಟೆಸ್ಸಾಳ ಕೈಯಿಂದಲೇ ನೆಲಕ್ಕೆ ಹಿಂದಿರುಗಿಸಿ, "ನಮಗೋಸ್ಕರ ಬೆಳೆದೆಯಲ್ಲ, ಉಪಕಾರವಾಯ್ತು" ಎಂದು ಹೇಳಿಸಿದೆ.

"ಅಜ್ಜಿ, ಗಿಡಕ್ಕೆ ಕಿವಿ ಎಲ್ಲಿದೆ?" ಅಂದಳು.

"ನಿಂಗೆ ಎರಡಿವೆಯಲ್ಲ, ನೀನು ಹೇಳಿದ್ದು ಕೇಳ್ತೀಯಾ?" ಅಂದೆ.

ಒಂದು ದಂಟನ್ನು ದೋಣಿಯ ಹುಟ್ಟಿನ ಹಾಗೆ ಬರಿಯ ಹೆಗಲ ಮೇಲಿಟ್ಟುಕೊಂಡು ಮೆರೆದಳು. ನನ್ನ ಕೈಯೆಲ್ಲ ರಸ. ಏರಿ ಹತ್ತುವಾಗ ಅವಳ ಕಾಲು ಜಾರಿತು, ರಟ್ಟೆ ಹಿಡಿದು ಮೇಲೆಳೆದುಕೊಂಡೆ. ಮನೆಗೆ ಬಂದವಳೇ ನಾನು ಸೋಪು ಹಾಕಿ ಕೈ ತೊಳೆದು ಒಲೆ ಹಚ್ಚಿದೆ. ಅವಳು ಸಂಜೆಯವರೆಗೂ ಅಂಗಳದ ಬಿಸಿಲಲ್ಲೇ ಆಡಿದಳು.

ಆದರೆ ರುಚಿ ಮಾತ್ರ ಕೆಟ್ಟಿತ್ತು. ಸಿಪ್ಪೆ ಸುಲಿದು ಸಕ್ಕರೆ ಅದ್ದಿ ನಾನೇ ಮೊದಲು ಕಚ್ಚಿ ನೋಡಿದೆ. ಕಹಿ, ಉಗಿದುಬಿಟ್ಟೆ. ಮಳೆ ಹೆಚ್ಚಾಗಿ ಹೀಗಾಗಿರಬೇಕು ಎಂದುಕೊಂಡು ಎಲ್ಲವನ್ನೂ ಹಿತ್ತಲಿಗೆ ಎಸೆದೆ.

ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಸೆಲೆಸ್ಟೀನ್

*

ಆಲ್ಡರ್ ಬಾರ್
ಮೇ 10

ಲಿಯೋನಾ,

ಹೇಗೆ ಬರೆಯಲಿ? ಟೆಸ್ಸಾ ಮನೆಯಲ್ಲಿಲ್ಲ.

ಸೋಮವಾರ ಬೆಳಗ್ಗೆ ಎದ್ದಾಗ ಅವಳ ತೋಳು ಕೆಂಪಾಗಿತ್ತು. ಬಿಸಿಲಿನದು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಬೊಬ್ಬೆ ಎದ್ದವು. ಕುದಿಯುವ ನೀರು ಬಿದ್ದರೆ ಏಳುತ್ತವಲ್ಲ, ಅಂಥವು, ಒಳಗೆ ಹಳದಿ ನೀರು. ಮಗು ಕಿರುಚಿಕೊಂಡಿತು. ನಾನೇ ಎತ್ತಿಕೊಂಡು ನರ್ಸಿನ ಹತ್ತಿರ ಓಡಿದೆ. ನಾನೇ ಕರೆದುಕೊಂಡು ಹೋದೆ, ಲಿಯೋನಾ, ಅದನ್ನು ನೆನಪಿಟ್ಟುಕೋ.

ನರ್ಸ್ ಅಂಗಿ ಬಿಚ್ಚಿಸಿ ನೋಡಿದಳು. ಹೆಗಲ ಮೇಲೆ ಕಾದ ಸಲಾಕೆ ಇಟ್ಟ ಹಾಗೆ ಉದ್ದನೆಯ ಬರೆ. ರಟ್ಟೆಯ ಮೇಲೆ ನಾಲ್ಕು ಬೊಬ್ಬೆ ಒಂದು ಕಡೆ, ಇನ್ನೊಂದು ಕಡೆ ಒಂದು. ಅವಳು ಅದನ್ನು ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಒಳಗೆ ಹೋಗಿ ಫೋನ್ ಮಾಡಿದಳು.

ಸರ್ಕಾರದ ಮಕ್ಕಳ ಕಚೇರಿಯಿಂದ ಮಿಸ್ ಪ್ರೆಂಟಿಸ್ ಎಂಬಾಕೆ ಬಂದಳು. ಚಿಕ್ಕ ವಯಸ್ಸು, ಮೆತ್ತನೆಯ ದನಿ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಮಗುವನ್ನು ಪಟ್ಟಣದ ಆಸ್ಪತ್ರೆಗೆ ಒಯ್ದರು. ಜೊತೆಗೆ ಬರುತ್ತೇನೆಂದರೆ "ಈಗ ಬೇಡಮ್ಮ" ಅಂದರು. ನಿನ್ನೆ ನಡೆದೇ ಹೋದೆ, ಹನ್ನೊಂದು ಮೈಲಿ. ವಾರ್ಡಿನ ಬಾಗಿಲಲ್ಲೇ ತಡೆದರು. ಒಳಗೆ ಅವಳು ಅಳುವುದು ಕೇಳಿಸುತ್ತಿತ್ತು. ಅವಳದ್ದೇ ದನಿ, ನನಗೆ ಗೊತ್ತಾಗುವುದಿಲ್ಲವೇ?

ಭಯವಾಗುತ್ತಿದೆ. ನೀನು ಹೆದರಬೇಡ.

ಅಮ್ಮ

*

ವ್ಯಾಂಕೂವರ್, ಮೂಳೆ ವಾರ್ಡು
ಮೇ 16

ಅಮ್ಮಾ,

ನಿನ್ನ ಎರಡನೆಯ ಕಾಗದ ಬರುವ ಮೊದಲೇ ಮಿಸ್ ಪ್ರೆಂಟಿಸ್ ಬಂದಿದ್ದಳು. ಕಾಲು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದವಳ ಎದೆಯ ಮೇಲೆ ಫೋಟೊಗಳನ್ನು ಒಂದೊಂದಾಗಿ ಇಟ್ಟಳು. ನಾನು ಏಳಲಾರೆ, ಓಡಲಾರೆ, ಮುಖ ತಿರುಗಿಸಲು ಮಾತ್ರ ಸಾಧ್ಯ. ಮುಖ ತಿರುಗಿಸಲೂ ಆಗಲಿಲ್ಲ.

ಅಮ್ಮಾ, ಅವು ನಿನ್ನ ಬೆರಳುಗಳು. ತೋರುಬೆರಳು ನಡುವೆ ಸೊಟ್ಟಗಿರುವುದು ನಿನ್ನ ಬಲಗೈಗೆ ಮಾತ್ರ. ಆ ಸೊಟ್ಟು ಇಲ್ಲದಿದ್ದರೆ ಇವು ನಿನ್ನವಲ್ಲ ಎಂದು ಜಗಳವಾಡುತ್ತಿದ್ದೆ. ಪ್ರೆಂಟಿಸ್ ಕೇಳಿದಳು, "ಈ ಗುರುತು ಯಾರದ್ದು ಅಂತ ನಿಮಗೆ ಗೊತ್ತಾ?" ನಾನು ಗೊತ್ತಿಲ್ಲ ಅಂದೆ. ನನ್ನ ಮುಖ ನೋಡಿ ಅವಳು ಏನೋ ಬರೆದುಕೊಂಡಳು.

ಮಗು ನದಿಗೆ ಹೋಗಿದ್ದೆವು ಅನ್ನುತ್ತದಂತೆ. ನೀನು ಆ ದಿನವೆಲ್ಲ ಮನೆಯಲ್ಲೇ ಇದ್ದೆವು, ಮಗು ಯಾವ ಗಿಡವನ್ನೂ ಮುಟ್ಟಲಿಲ್ಲ ಎಂದು ಹೇಳಿ ಸಹಿ ಹಾಕಿದ್ದೀಯಂತೆ. ನದಿಗೆ ಹೋದದ್ದು ನಿನ್ನದೇ ಕಾಗದದಲ್ಲಿದೆ, ನನ್ನ ದಿಂಬಿನ ಕೆಳಗೆ. ಯಾಕೆ ಸುಳ್ಳು ಹೇಳಿದೆ? ಏನನ್ನು ಮುಚ್ಚಿಡುತ್ತಿದ್ದೀಯ?

ಜೂನ್ 21ಕ್ಕೆ ಕೋರ್ಟಿನಲ್ಲಿ ವಿಚಾರಣೆ. ನಾನು ಹಾಸಿಗೆಯಲ್ಲಿ, ನೀನು ಅನುಮಾನದಲ್ಲಿ. ಆಲ್ಬರ್ಟಾದಲ್ಲಿ ಒಂದು ಕುಟುಂಬ ಅವಳನ್ನು ಶಾಶ್ವತವಾಗಿ ಇಟ್ಟುಕೊಳ್ಳಲು ತಯಾರಿದೆಯಂತೆ. "ತುಂಬಾ ಒಳ್ಳೆ ಜನ, ಕುದುರೆ ಇದೆ" ಅಂದಳು.

ಕೇಳಬಾರದು, ಆದರೂ ಕೇಳುತ್ತೇನೆ. ಅಪ್ಪ ಸತ್ತ ವರ್ಷ ನೀನು ನನ್ನ ರಟ್ಟೆ ಹಿಡಿದು ಒಲೆಯ ಹತ್ತಿರ ಎಳೆದದ್ದು ನನಗೆ ನೆನಪಿದೆ. ಆಗ ನನಗೆ ಏಳು ವರ್ಷ. ಅದನ್ನು ನಾವು ಎಂದೂ ಮಾತಾಡಿಲ್ಲ. ಅಮ್ಮಾ, ನೀನು ಮಾಡಿದೆಯಾ?

ಲಿಯೋನಾ

*

ಆಲ್ಡರ್ ಬಾರ್
ಮೇ 20

ಲಿಯೋನಾ,

ನಿನ್ನ ಕಾಗದವನ್ನು ಒಲೆಗೆ ಹಾಕಬೇಕೆಂದಿದ್ದೆ. ಹಾಕಲಿಲ್ಲ. ಒಂದು ದಿನ ನಿನ್ನ ಮೇಲೆ ಕೋಪ, ಮರುದಿನ ನನ್ನ ಮೇಲೆ. ಇವತ್ತು ಎರಡೂ ಇಲ್ಲ, ಬರಿಯ ಹೆದರಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಅಂದು ಎಳೆದದ್ದು ನಿಜ. ಸುಡಲಿಲ್ಲ. ಹೆದರಿಸಬೇಕೆಂದಿದ್ದೆ. ನಮ್ಮ ಬುಡಕಟ್ಟಿನ ಮಕ್ಕಳನ್ನೆಲ್ಲ ಹಿಡಿದೊಯ್ದು ಹಾಕಿದ್ದ ಬೋರ್ಡಿಂಗ್ ಶಾಲೆಯಲ್ಲಿ ಕ್ರೈಸ್ತ ಸಿಸ್ಟರುಗಳು ನಮ್ಮನ್ನು ಹಾಗೆಯೇ ಹೆದರಿಸುತ್ತಿದ್ದರು, ಮಕ್ಕಳನ್ನು ಸಾಕುವುದೆಂದರೆ ಅದೇ ಎಂದು ನಾನೂ ಕಲಿತಿದ್ದೆ. ನಿನ್ನ ಕಣ್ಣು ನೋಡಿ ಕೈ ಬಿಟ್ಟೆ. ಅಂದಿನಿಂದ ಯಾವ ಮಗುವಿನ ಮೇಲೂ ಕೈ ಎತ್ತಿಲ್ಲ. ನೀನು ಅದನ್ನು ಮರೆತಿದ್ದೀಯ ಎಂದು ಇಪ್ಪತ್ತೆರಡು ವರ್ಷ ನಂಬಿದ್ದೆ.

ಟೆಸ್ಸಾಳನ್ನು ನಾನು ಸುಟ್ಟಿಲ್ಲ.

ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದ್ದೀಯ. ಪ್ರೆಂಟಿಸ್ ಮೊದಲು ಕೇಳಿದ್ದೇ ಅದನ್ನು: "ಮಗುಗೆ ಕಾಡಿನ ಗಿಡಗೆಡ್ಡೆ ಏನಾದ್ರೂ ತಿನ್ನಿಸಿದ್ರಾ? ಮುಟ್ಟಿಸಿದ್ರಾ?" ಈ ಕಚೇರಿಯವರು ನಮ್ಮೂರಿನ ಡೆಲ್ಫೀನಳ ಇಬ್ಬರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಾಗ ಕಾಗದದಲ್ಲಿ ಏನು ಬರೆದಿದ್ದರು, ನೆನಪಿದೆಯಾ? ಮನೆಯಲ್ಲಿ ಸರಿಯಾದ ಆಹಾರವಿಲ್ಲ, ಮಕ್ಕಳಿಗೆ ಹೊಲಸು ಕಳೆ ತಿನ್ನಿಸುತ್ತಾರೆ. ಆ ಮಕ್ಕಳು ಈಗ ಎಲ್ಲಿದ್ದಾರೋ ಡೆಲ್ಫೀನಳಿಗೇ ಗೊತ್ತಿಲ್ಲ. ದಂಟಿನ ಹೆಸರೆತ್ತಿದರೆ ಟೆಸ್ಸಾಳೂ ಹಾಗೇ ಹೋದಳು ಎಂದುಕೊಂಡೆ. "ಇಲ್ಲ ಮೇಡಂ, ಎಲ್ಲೂ ಹೋಗ್ಲಿಲ್ಲ, ಏನೂ ಮುಟ್ಲಿಲ್ಲ" ಎಂದು ಬಾಯಿಗೆ ಬಂತು. ಸಣ್ಣವಳಿದ್ದಾಗಿನಿಂದ ಇಂಥವರಿಗೆ ಹಾಗೇ ಉತ್ತರ ಕೊಟ್ಟು ಬದುಕಿದವರು ನಾವು.

ನಮ್ಮ ದಂಟಿನ ಸಿಪ್ಪೆ ತಾಗಿದರೆ ತುಟಿ ಒಂದು ದಿನ ತುರಿಸುತ್ತದೆ, ಅಷ್ಟೆ. ಹೀಗೆ ಸುಡುವುದಿಲ್ಲ. ಹಾಗಾದರೆ ಏನು ಸುಟ್ಟಿತು? ಹಗಲೆಲ್ಲ ಅದನ್ನೇ ಯೋಚಿಸುತ್ತೇನೆ.

ಅಮ್ಮ

*

ವ್ಯಾಂಕೂವರ್
ಮೇ 25

ಅಮ್ಮಾ,

ಬೇಗ ಬೇಗ ಬರೆಯುತ್ತಿದ್ದೇನೆ, ಅಂಚೆಯವನು ನಾಲ್ಕಕ್ಕೆ ಬರುತ್ತಾನೆ.

ನನ್ನ ಪಕ್ಕದ ಹಾಸಿಗೆಯಲ್ಲಿ ಮಿಸೆಸ್ ವಾಂಡರ್‌ವೀನ್ ಎಂಬ ಮುದುಕಿ ಇದ್ದಾಳೆ. ಸೊಂಟ ಮುರಿದುಕೊಂಡಿದ್ದಾಳೆ. ಹಾಲೆಂಡಿನವಳು, ನಲವತ್ತು ವರ್ಷ ದೊಡ್ಡವರ ತೋಟಗಳಲ್ಲಿ ಕೆಲಸ ಮಾಡಿದವಳು. ನಾನು ಅಳುವುದನ್ನು ಮೂರು ದಿನ ಸಹಿಸಿಕೊಂಡು, ನಾಲ್ಕನೆಯ ದಿನ "ಏನಮ್ಮಾ ನಿನ್ನ ಕಷ್ಟ, ನಂಗೂ ಹೇಳು, ಇಬ್ರೂ ಸೇರಿ ಅಳೋಣ" ಅಂದಳು. ನಿನ್ನ ಮೊದಲ ಕಾಗದವನ್ನು ಓದಿ ಹೇಳಿದೆ. ನಡುವೆಯೇ ಕೈ ಎತ್ತಿದಳು.

"ನಿಲ್ಲು. ಏನಂದೆ? ಕೆಂಪು ಮಚ್ಚೆನಾ?"

"ಹೌದು. ಮೀನಿನ ಬೆನ್ನಿನ ಥರ."

"ದಂಟು ಮುಂಗೈ ದಪ್ಪ? ಮೇ ತಿಂಗಳ ಮೊದಲ್ನೇ ವಾರಕ್ಕೇನೇ?"

ಹೌದೆಂದೆ. ಅಮ್ಮಾ, ಅದು ನಮ್ಮ ದಂಟಲ್ಲವಂತೆ. ಅದೇ ಕುಲದ್ದು, ಆದರೆ ದೂರದ ಬೆಟ್ಟಗಳದು. ಅಂದಕ್ಕೆಂದು ತೋಟಗಳಲ್ಲಿ ನೆಟ್ಟರಂತೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ನೀರಿನಲ್ಲಿ ತೇಲಿ ಹೋಗಿ ದಂಡೆ ಹಿಡಿಯುತ್ತದೆ, ಬೇರೆ ಯಾವುದನ್ನೂ ಬದುಕಗೊಡುವುದಿಲ್ಲ. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಎರಡು ದಿನಕ್ಕೆ ಬೊಬ್ಬೆ. ರಸ ತಾಗಿದಾಗ ಏನೂ ಗೊತ್ತಾಗುವುದಿಲ್ಲವಂತೆ. ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳ ಕಣ್ಣು ಅದರಿಂದಲೇ ಹೋಯಿತು.

ನೀನು ಹೋಗಿ ನೋಡಬೇಕು. ಮುಟ್ಟಬೇಡ. ಉದ್ದ ತೋಳಿನ ಅಂಗಿ, ಮೀನಿನ ಕೆಲಸದ ರಬ್ಬರ್ ಕೈಗವಸು ಹಾಕಿಕೋ, ಮೋಡ ಕವಿದ ದಿನ ಹೋಗು. ನಮ್ಮದರ ದಂಟು ಹಸಿರು, ಮೇಲೆ ಮೆತ್ತನೆಯ ನಯವಾದ ತುಪ್ಪುಳು. ಅದರ ದಂಟಿಗೆ ಮಚ್ಚೆ. ಕೂದಲು ಬಿರುಸು, ಎಲೆಯ ತೊಟ್ಟು ದಂಟಿಗೆ ಸೇರುವಲ್ಲಿ ಕುಂಚದ ಹಾಗೆ ದಟ್ಟ. ನಮ್ಮ ಎಲೆ ಮೂರು ಭಾಗ, ಅಗಲ, ಮೊಂಡು ಅಂಚು. ಅದರ ಎಲೆ ಆಳವಾಗಿ ಹರಿದದ್ದು, ಗರಗಸದ ಅಂಚು, ಮಗುವನ್ನು ಮಲಗಿಸುವಷ್ಟು ದೊಡ್ಡದು. ಮುದುಕಿ ಎರಡರ ಚಿತ್ರವನ್ನೂ ಬರೆದುಕೊಟ್ಟಿದ್ದಾಳೆ, ಇದರ ಜೊತೆಗಿದೆ.

ನಿನ್ನನ್ನು ಪೂರ್ತಿ ನಂಬಿದ್ದೇನೆ ಎಂದು ಬರೆಯಬೇಕು ಅನಿಸುತ್ತದೆ. ನಂಬಲು ಒದ್ದಾಡುತ್ತಿದ್ದೇನೆ, ಅದು ನಿಜ. ಹೋಗಿ ನೋಡಿ ಬರೆ.

ಲಿಯೋನಾ

*

ಆಲ್ಡರ್ ಬಾರ್
ಮೇ 31

ಮಗಳೇ,

ಹೋಗಿ ನೋಡಿದೆ.

ಮೂರು ವಾರದಲ್ಲಿ ಅವು ನನ್ನ ತಲೆಯನ್ನು ಮೀರಿ ಬೆಳೆದಿವೆ. ಮುದುಕಿಯ ಚಿತ್ರ ಹಿಡಿದು ಒಂದೊಂದೇ ನೋಡುತ್ತ ಹೋದೆ. ಮಚ್ಚೆ ಇದೆ. ಬಿರುಸು ಕೂದಲಿದೆ. ಗರಗಸದ ಅಂಚಿದೆ. ಎಲೆಗಳು ಮೇಲೆ ಕೂಡಿಕೊಂಡು ಒಳಗೆಲ್ಲ ಮಬ್ಬು. ಒಂದು ಎಲೆ ಹೆಗಲಿಗೆ ಸವರಿತು, ಎರಡು ಅಂಗಿ ಹಾಕಿದ್ದರೂ ನಾನು ಕಿರುಚಿಬಿಟ್ಟೆ. ಅಮ್ಮನ ಜಾಗದಲ್ಲಿ ನಿಂತು ಗಿಡಕ್ಕೆ ಹೆದರಿದ್ದು ಇದೇ ಮೊದಲು.

ನಮ್ಮದು ಎಲ್ಲಿ ಎಂದು ಹುಡುಕಿದೆ. ಸಿಕ್ಕಿದ್ದು ಮೂರೇ ಮೂರು, ದೂರದ ಅಂಚಿನಲ್ಲಿ, ನೆರಳಲ್ಲಿ ಹಳದಿ ತಿರುಗಿ, ನನ್ನ ಬೆರಳಿಗಿಂತ ತೆಳ್ಳಗೆ. ಎರಡನ್ನೂ ಒಟ್ಟಿಗೆ ನೋಡಿದರೆ ಕುರುಡಿಗೂ ಗೊತ್ತಾಗುತ್ತದೆ. ಊರಿನ ಹೆಂಗಸರಿಗೆಲ್ಲ ಗಿಡದ ಪಾಠ ಹೇಳುವವಳು ನಾನು! ನಾನು ಗಿಡ ನೋಡಿರಲಿಲ್ಲ, ಲಿಯೋನಾ. ಜಾಗ ನೋಡಿದೆ. ಅಮ್ಮ ಕೊಯ್ದ ಜಾಗ, ಅಜ್ಜಿ ಕೊಯ್ದ ಜಾಗ, ಅಲ್ಲಿ ಬೆಳೆದದ್ದು ನಮ್ಮದೇ ಎಂದುಕೊಂಡು ಮಗುವಿನ ಕೈಗೆ ಕೊಟ್ಟೆ. ನಾಲಿಗೆ ಕಹಿ ಎಂದು ಹೇಳಿದರೂ ಮಳೆಯನ್ನು ದೂರಿದೆ. ಮೇಲ್ದಂಡೆಯ ಹಳೆಯ ಬಂಗಲೆಯ ಗೇಟಿನ ಎರಡೂ ಕಡೆ ಅದೇ ಗಿಡ ಇದೆ, ಹೋಗಿ ನೋಡಿ ಬಂದೆ. ಅಂದಕ್ಕೆ ನೆಟ್ಟದ್ದು.

ಅಲ್ಲಿಂದ ನೆಟ್ಟಗೆ ಪ್ರೆಂಟಿಸಳ ಕಚೇರಿಗೆ ಹೋದೆ. ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡು ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು:

"ಮೊದ್ಲು ಮನೇಲೇ ಇದ್ವಿ ಅಂದ್ರಿ. ಈಗ ಗಿಡ ಅಂತೀರ. ಕೋರ್ಟಲ್ಲಿ ಇನ್ನೇನು ಹೇಳ್ತೀರ?"

"ಇದೇ ಹೇಳ್ತೀನಿ, ಇದೇ ನಿಜ."

"ಆ ರಸ ನಿಮ್ಮ ಕೈಯಲ್ಲೇ ಇತ್ತು ಅಂದ್ರಲ್ಲ. ನಿಮ್ಮ ಕೈ ಯಾಕೆ ಸುಟ್ಟಿಲ್ಲ?"

ಕೈ ಚಾಚಿ ನೋಡಿದೆ. ಒಂದು ಗೆರೆಯೂ ಇಲ್ಲ. ಆಸ್ಪತ್ರೆಯ ಡಾಕ್ಟರೂ ಇಂಥ ಗಿಡದ ಹೆಸರು ಕೇಳಿಲ್ಲವಂತೆ.

ಟೆಸ್ಸಾ ಈಗ ಪಟ್ಟಣದಲ್ಲಿ ಯಾರದೋ ಮನೆಯಲ್ಲಿದ್ದಾಳೆ. ಯಾರ ಮನೆ ಎಂದು ಹೇಳುವುದಿಲ್ಲ.

ಅಮ್ಮ

*

ವ್ಯಾಂಕೂವರ್
ಜೂನ್ 4

ಅಮ್ಮಾ,

ನಿನ್ನ ಕೈ ಸುಡದಿರುವುದಕ್ಕೆ ಕಾರಣವಿದೆ. ಬಲೆ ಎಳೆದ ಅಂಗೈ ಚರ್ಮ ದಪ್ಪ, ಜೊತೆಗೆ ನೀನು ಮನೆಗೆ ಬಂದೊಡನೆ ಸೋಪು ಹಾಕಿ ತೊಳೆದೆ. ಮಗುವಿನ ರಟ್ಟೆಯನ್ನು ಯಾರೂ ತೊಳೆಯಲಿಲ್ಲ. ಇದನ್ನು ಮಿಸೆಸ್ ವಾಂಡರ್‌ವೀನ್ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಚೇರಿಗೆ ಕಳಿಸಿದ್ದಾಳೆ. ಪ್ರೆಂಟಿಸಳಿಂದ ಉತ್ತರ ಬಂದಿದೆ: ಸೊಂಟ ಮುರಿದ ತೋಟದ ಕೆಲಸದವಳ ಮಾತು ಸಾಕಾಗುವುದಿಲ್ಲ. ನಾನೂ ಮುದುಕಿಯೂ ವಿಶ್ವವಿದ್ಯಾಲಯದ ಸಸ್ಯ ವಿಭಾಗಕ್ಕೂ ಬರೆದಿದ್ದೇವೆ. ಅವರು ರಜೆಯಲ್ಲಿದ್ದಾರೆ, ಜುಲೈ ಆಗಬಹುದಂತೆ.

ಜೂನ್ 21ಕ್ಕೆ ಹದಿನೇಳು ದಿನ. ನನ್ನ ಕಾಲಿನ ತೂಕ ಬಿಚ್ಚುವುದು 18ಕ್ಕೆ, ಬಿಚ್ಚಿದ ಮೇಲೂ ನಡೆಯಲಾರೆ. ಆಲ್ಬರ್ಟಾದ ಜನ ಅವಳಿಗೆ ಬಟ್ಟೆಯ ಅಳತೆ ಕೇಳಿದ್ದಾರಂತೆ. ಅಮ್ಮಾ, ಅಳತೆ ಕೇಳಿದ್ದಾರೆ.

ಲಿಯೋನಾ

*

ಆಲ್ಡರ್ ಬಾರ್
ಜೂನ್ 13

ಮಗಳೇ,

ಪೂರ್ತಿ ಓದಿದ ಮೇಲೆ ಬೈಯಿ, ನಡುವೆ ಬೈಯಬೇಡ.

ಶುಕ್ರವಾರ ಬೆಳಗ್ಗೆ ಕೈಗವಸು ಹಾಕಿಕೊಂಡು ಒಂದು ಮಚ್ಚೆಯ ದಂಟು ಕಡಿದೆ. ಗೋಣಿಯಲ್ಲಿ ಸುತ್ತಿ ಪ್ರೆಂಟಿಸಳ ಕಚೇರಿಗೆ ಒಯ್ದೆ. ಮೆಟ್ಟಿಲ ಮೇಲೆ ಕೂತು, ಕೈಗವಸು ತೆಗೆದು, ದಂಟು ಮುರಿದು ಬಲ ಅಂಗೈಗೆ ರಸ ಹಚ್ಚಿಕೊಂಡೆ. ಅಂಗಿಯ ಎಡತೋಳು ಮಡಿಸಿ, ರಟ್ಟೆಯ ಒಳಗಿನ ತೆಳು ಚರ್ಮವನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದೆ. ಆಮೇಲೆ ಅಂಗೈ ಮಾತ್ರ ಸೋಪು ಹಾಕಿ ತೊಳೆದುಕೊಂಡೆ. ಪ್ರೆಂಟಿಸ್ ಹೊರಗೆ ಓಡಿ ಬಂದಳು.

"ಏನ್ ಮಾಡ್ತಿದೀರಿ ಇದು? ಎದ್ದೇಳಿ, ಪೊಲೀಸ್ ಕರೀತೀನಿ!"

"ಕರೀರಿ ಮೇಡಂ, ಅವ್ರೂ ನೋಡ್ಲಿ. ಈಗ ನನ್ನ ತೋಳು ನೋಡಿ. ಏನಾದ್ರೂ ಇದೆಯಾ?"

"ಏನೂ ಇಲ್ಲ."

"ಏನೂ ಇಲ್ಲ ಅಂತ ಬರ್ಕೊಳ್ಳಿ. ಗಂಟೆನೂ ಬರ್ಕೊಳ್ಳಿ. ಸೋಮವಾರ ಬರ್ತೀನಿ."

ಮೂರು ಗಂಟೆ ಬಿಸಿಲಿನಲ್ಲಿ ತೋಳು ಚಾಚಿ ಕೂತೆ. ಹೋಗುವವರು ಬರುವವರು ಹುಚ್ಚಿ ಎಂಬಂತೆ ನೋಡಿದರು. ಪ್ರೆಂಟಿಸ್ ಎರಡು ಸಲ ಕಿಟಕಿಯಿಂದ ಇಣುಕಿ, ಮೂರನೆಯ ಸಲ ನೀರು ತಂದುಕೊಟ್ಟಳು.

ಶನಿವಾರ ಎದ್ದು ನೋಡಿದೆ. ಏನೂ ಇಲ್ಲ. ಮಧ್ಯಾಹ್ನ ನೋಡಿದೆ. ಏನೂ ಇಲ್ಲ. ಲಿಯೋನಾ, ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಬೋರ್ಡಿಂಗ್ ಶಾಲೆಯಲ್ಲೂ ಇಲ್ಲ, ನಿನ್ನ ಅಪ್ಪನ ದೋಣಿ ಬರಿದಾಗಿ ಬಂದ ದಿನವೂ ಇಲ್ಲ. ಗಿಡವಲ್ಲದಿದ್ದರೆ ಮತ್ತೇನು? ನನಗೇ ನನ್ನ ಮೇಲೆ ಅನುಮಾನ ಬಂತು. ಒಲೆಯ ಹತ್ತಿರ ನಿನ್ನನ್ನು ಎಳೆದ ಕೈ ಇದು, ನನಗೆ ಗೊತ್ತಿಲ್ಲದೆ ಇನ್ನೇನಾದರೂ ಮಾಡಿತೇ ಎಂದು ಅಡುಗೆಮನೆಯಲ್ಲಿ ಕೂತು ನನ್ನ ಬಲಗೈಯನ್ನೇ ನೋಡಿದೆ. ಸುಡಲಿ ದೇವರೇ, ಸುಡಲಿ ಎಂದು ಬೇಡಿಕೊಂಡೆ.

ಭಾನುವಾರ ಬೆಳಗ್ಗೆ ಉರಿಗೆ ಎಚ್ಚರವಾಯಿತು. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಸೊಟ್ಟ ತೋರುಬೆರಳು ಸೊಟ್ಟಗೇ ಎದ್ದಿತ್ತು. ನೋವಿಗೆ ಹಲ್ಲು ಕಚ್ಚಿಕೊಂಡೇ ನಕ್ಕೆ. ಮರುಕ್ಷಣ ಅದೇ ಉರಿ ಆರು ವರ್ಷದ ರಟ್ಟೆಯ ಮೇಲೆ ಹೇಗಿದ್ದೀತು ಎಂದು ಹೊಳೆದು, ನಗು ಅಲ್ಲೇ ನಿಂತಿತು.

ಸೋಮವಾರ ಕಚೇರಿಯ ಮೇಜಿನ ಮೇಲೆ ತೋಳಿಟ್ಟೆ. ಪ್ರೆಂಟಿಸ್ ಬೀರುವಿನಿಂದ ಟೆಸ್ಸಾಳ ಫೋಟೊ ತೆಗೆದು ಪಕ್ಕದಲ್ಲಿಟ್ಟಳು. ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ಹೋಲಿಸಿದಳು. ಆಮೇಲೆ ಎದ್ದು ಫೋನಿನ ಹತ್ತಿರ ಹೋದಳು. ನನ್ನನ್ನು ಆಸ್ಪತ್ರೆಗೆ ಕರೆದೊಯ್ದು ಅದೇ ಡಾಕ್ಟರಿಗೆ ತೋರಿಸಿದರು. ಅವನು ನಿಮ್ಮ ನಗರದ ಚರ್ಮದ ಡಾಕ್ಟರಿಗೆ ಫೋನ್ ಮಾಡಿ, ದಂಟಿನ ತುಂಡು ಕಳಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.

ಅಮ್ಮ

*

ವ್ಯಾಂಕೂವರ್
ಜೂನ್ 22

ಅಮ್ಮಾ,

ಪ್ರೆಂಟಿಸಳೇ ವಾರ್ಡಿಗೆ ಫೋನ್ ಮಾಡಿದಳು. ಚರ್ಮದ ಡಾಕ್ಟರು ದಂಟು ನೋಡಿ, ಫೋಟೊ ನೋಡಿ, ಇಬ್ಬರ ಗಾಯವೂ ಆ ಗಿಡದ ರಸದ್ದೇ ಎಂದು ಬರೆದುಕೊಟ್ಟರಂತೆ. ನಿನ್ನೆ ಕೋರ್ಟಿನಲ್ಲಿ ಕಚೇರಿಯವರೇ ಅರ್ಜಿ ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಸೋಮವಾರ ಟೆಸ್ಸಾ ಮನೆಗೆ ಬರುತ್ತಾಳೆ. ಒಂದು ವರ್ಷ ತಿಂಗಳಿಗೊಮ್ಮೆ ಬಂದು ನೋಡುತ್ತಾರಂತೆ. ನೋಡಲಿ. ವಾರ್ಡಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಮಿಸೆಸ್ ವಾಂಡರ್‌ವೀನ್ ಜೋರಾಗಿ ಅತ್ತಳು.

ನಾನು ಅಳಲಿಲ್ಲ. ನಿನ್ನ ತೋಳನ್ನೇ ಯೋಚಿಸುತ್ತಿದ್ದೆ. ಫೋಟೊ ನೋಡಿದ ದಿನದಿಂದ ಮುದುಕಿ ಮಚ್ಚೆ ಎಂದು ಕೈ ಎತ್ತುವವರೆಗೆ ನೀನೇ ಮಾಡಿದೆ ಎಂದು ನಂಬಿದ್ದೆ, ಅಮ್ಮಾ. ಅನುಮಾನ ಅಲ್ಲ, ನಂಬಿದ್ದೆ. ಕ್ಷಮಿಸು ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ನಿನ್ನ ಲಿಯೋನಾ

*

ಆಲ್ಡರ್ ಬಾರ್
ಜುಲೈ 2

ಮಗಳೇ ಲಿಯೋನಾ,

ಟೆಸ್ಸಾ ಮನೆಯಲ್ಲಿದ್ದಾಳೆ. ರಟ್ಟೆಯ ಗಾಯ ಒಣಗಿದೆ. ಕಂದು ಗುರುತು ಕೆಲವು ವರ್ಷ ಇರುತ್ತದಂತೆ, ಬಿಸಿಲು ತಾಗಿಸಬಾರದಂತೆ. ನನ್ನದೂ ಹಾಗೆಯೇ.

ನದಿದಂಡೆಗೆ ಸರ್ಕಾರದವರು ಬಂದು ಮೈತುಂಬ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು ಎರಡು ದಿನ ಅಗೆದರು. ನಮ್ಮ ಆ ಮೂರು ಗಿಡಗಳ ಸುತ್ತ ನಾನು ಹಗ್ಗ ಕಟ್ಟಿ ಕಾವಲು ನಿಂತೆ, ಇಲ್ಲದಿದ್ದರೆ ಅವನ್ನೂ ಕಿತ್ತು ಹಾಕುತ್ತಿದ್ದರು. ನೆಲದಲ್ಲಿ ಬಿದ್ದ ಬೀಜ ಇನ್ನೂ ಎಷ್ಟೋ ವರ್ಷ ಮೊಳೆಯುತ್ತದಂತೆ. ಊರಿನ ಹೆಂಗಸರನ್ನು ಕರೆದೊಯ್ದು ಮಚ್ಚೆ ತೋರಿಸಿದೆ, ಕೂದಲು ತೋರಿಸಿದೆ. ಎಲ್ಲರೂ ತಲೆ ಆಡಿಸಿದರು. "ಗೊತ್ತಾಯ್ತು ಸೆಲೆಸ್ಟೀನಕ್ಕ, ಆದ್ರೆ ನಾವಿನ್ನು ಯಾವ ದಂಟೂ ಮುಟ್ಟಲ್ಲ" ಅಂದಳು ಡೆಲ್ಫೀನ್. ನಾನು ವಾದ ಮಾಡಲಿಲ್ಲ, ನನಗೂ ಧೈರ್ಯವಿಲ್ಲ.

ನೀನು ನಂಬಿದ್ದೆ ಎಂದು ಬರೆದಿದ್ದೀಯ. ನಂಬುವ ಹಾಗೆ ಮಾಡಿಟ್ಟವಳು ನಾನೇ. ಉಳಿದದ್ದನ್ನು ನೀನು ಬಂದಮೇಲೆ ಎದುರು ಕೂತು ಮಾತಾಡೋಣ.

ಟೆಸ್ಸಾ ಬಂದು ಆರು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಊಟಕ್ಕೆ ಮೇಜಿನ ಆ ತುದಿ. ನಾನು ಒಳಗೆ ಬಂದರೆ ಅವಳು ಹೊರಗೆ. ನನ್ನ ಕೈಗೆ ಹೆದರುತ್ತಾಳೆ ಎಂದುಕೊಂಡು, ಅವಳೆದುರು ಕೈಗಳನ್ನು ಏಪ್ರನ್ನಿನೊಳಗೇ ಇಟ್ಟುಕೊಂಡು ಓಡಾಡಿದೆ. ನಿನ್ನೆ ಮಧ್ಯಾಹ್ನ ರೊಟ್ಟಿ ಬೇಯಿಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತಳು.

"ಅಜ್ಜಿ, ಒಂದು ಹೇಳ್ತೀನಿ, ಬೈಬಾರ್ದು."

"ಬೈಯಲ್ಲ, ಹೇಳು."

"ಆ ಮನೇಲಿ ದಿನಾ ಕೇಳ್ತಿದ್ರು, ಅಜ್ಜಿ ಮಾಡಿದ್ದಾ, ಅಜ್ಜಿ ಮಾಡಿದ್ದಾ ಅಂತ. ನಾನು ಇಲ್ಲ ಇಲ್ಲ ಅಂದೆ. ಆಮೇಲೆ ಒಂದಿನ ಹ್ಞೂ ಅಂದ್ಬಿಟ್ಟೆ."

"ಯಾಕೆ ಪುಟ್ಟಾ?"

"ಹ್ಞೂ ಅಂದ್ರೆ ಮನೆಗೆ ಕಳಿಸ್ತಾರೆ ಅಂದ್ಕೊಂಡೆ."

ಅವಳು ಹೆದರಿದ್ದು ನನ್ನ ಕೈಗಲ್ಲ, ಲಿಯೋನಾ. ತಾನು ಹೇಳಿದ್ದು ನನಗೆ ಗೊತ್ತಾಗುತ್ತದೆ ಎಂದು ಹೆದರಿದ್ದಳು. ನಾನು ಇಲ್ಲ ಎಂದರೆ ಅವಳನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಅವಳು ಹ್ಞೂ ಎಂದರೆ ಬಿಡುತ್ತಾರೆ ಎಂದುಕೊಂಡಳು. ಅರವತ್ತೊಂದು ವರ್ಷದವಳಿಗೂ ಆರು ವರ್ಷದವಳಿಗೂ ಬುದ್ಧಿ ಓಡಿದ್ದು ಅಷ್ಟೇ.

"ನಾನೂ ಅವ್ರಿಗೆ ಸುಳ್ಳು ಹೇಳ್ದೆ, ಮಗೂ" ಅಂದೆ.

"ನೀನೂನಾ?"

"ಹ್ಞೂ. ನಿನಗಿಂತ ಮೊದ್ಲು."

ಎತ್ತಿಕೊಳ್ಳಲು ಹೋದವಳು ಹಾಗೇ ನಿಂತೆ, ಕೈ ಮುಂದಕ್ಕೆ ಬರಲಿಲ್ಲ. ಅವಳೇ ಬಂದು ನನ್ನ ಸೊಂಟವನ್ನು ತಬ್ಬಿಕೊಂಡಳು. ಎಷ್ಟು ಹೊತ್ತು ಹಾಗಿದ್ದೆವೋ, ಒಲೆಯ ಮೇಲಿನ ರೊಟ್ಟಿ ಕರಕಲಾಯಿತು.

ಬೇಗ ಬಾ.

ನಿನ್ನ ಅಮ್ಮ